ಕೆಂಪು ತೊಗಲಿನ ಸೀಟು

ಚಿತ್ರದುರ್ಗದ ನಮ್ಮ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಏಳು ಎಂದೇ ಹೇಳುತ್ತೇನೆ. ಪಡಸಾಲೆ, ಪೂಜೆಯ ಕೋಣೆ, ಅಡುಗೆಮನೆ, ಬಚ್ಚಲುಮನೆ, ಹತ್ತಿಯ ಮೂಟೆ ತುಂಬಿದ ಕೋಣೆ, ಅಜ್ಜಿ ಮಲಗುತ್ತಿದ್ದ ನಡುಮನೆ, ಇವು ಆರು. ಏಳನೆಯದು ಹಿತ್ತಿಲಿನ ಗಾಡಿಕೊಟ್ಟಿಗೆಯಲ್ಲಿ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು. ಬೆಂಗಳೂರಿನ ದಂಡಿನಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಮೋಟಾರು ಅದು. ಹತ್ತಿ ವ್ಯಾಪಾರಕ್ಕೆಂದು ಹಿರಿಯೂರು ಸೀಮೆಯನ್ನೆಲ್ಲ ಸುತ್ತುತ್ತಿದ್ದ ನಮ್ಮಪ್ಪ ಅದನ್ನು ತಂದು, ಓಡಿಸುವುದನ್ನೂ ಕಲಿತು, ಒಂದು ಸಂಜೆ ಇಡೀ ಬೀದಿಯ ನಾಯಿಗಳನ್ನು ಬೆನ್ನಿಗೆ ಹಾಕಿಕೊಂಡು ಮನೆಗೆ ಬಂದ. ಊರಿನವರು ಹೊರಗಿನ ಕರಿ ತಗಡನ್ನೂ ಹಿತ್ತಾಳೆಯ ದೀಪಗಳನ್ನೂ ನೋಡಲು ಬಂದರು. ನಾನು ನೋಡಿದ್ದು ಒಳಗನ್ನು. ಮುಂದೆ ಒಂದು, ಹಿಂದೆ ಒಂದು, ದಾಳಿಂಬೆ ಸಿಪ್ಪೆಯ ಬಣ್ಣದ ತೊಗಲಿನ ಸೀಟುಗಳು. ಕುಳಿತರೆ ಮೈಯನ್ನು ಒಳಗೆ ಎಳೆದುಕೊಂಡು ಮತ್ತೆ ಮೆಲ್ಲಗೆ ಮೇಲಕ್ಕೆ ಎತ್ತುತ್ತಿದ್ದವು. ಓಡಿಸುವವನ ಎದುರಿಗೆ ನುಣುಪಾದ ತೇಗದ ಹಲಗೆ, ಅದರಲ್ಲಿ ಹಿತ್ತಾಳೆ ಕಟ್ಟಿನ ಎರಡು ಗಾಜಿನ ಬಿಲ್ಲೆ, ಕಾಲಡಿಗೆ ಮರದ ನೆಲ. ಅಂಥ ಕೋಣೆ ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ.

ಕೋಣೆ ಎಂದಮೇಲೆ ಕೋಣೆಯಂತೆಯೇ ನಡೆಸಿಕೊಂಡೆವು. ಹತ್ತುವಾಗ ಕಾಲಿಡುವ ಅಡ್ಡಪಟ್ಟಿಯನ್ನು ಅಮ್ಮ ಹೊಸಿಲೆಂದು ತೀರ್ಮಾನಿಸಿದಳು. ಅದನ್ನು ಯಾರೂ ತುಳಿಯಬಾರದು, ದಾಟಿಯೇ ಹತ್ತಬೇಕು. ಅಪ್ಪ ಎತ್ತರದ ಆಳು, ದಾಟುತ್ತಿದ್ದ. ಉಳಿದವರು ಮೊಣಕಾಲೂರಿ ಹತ್ತಿ ಬೀಳುತ್ತಿದ್ದೆವು. ಮೆಟ್ಟು ಹೊರಗೇ ಬಿಡಬೇಕು. ತೇಗದ ಹಲಗೆಗೆ ದಿನಾ ಬೆಳಿಗ್ಗೆ ಮೂರು ಬೆರಳಿನ ವಿಭೂತಿ. ಮುಂದಿನ ಗಾಲಿಗಳ ನಡುವೆ ರಂಗೋಲಿ. ಅಪ್ಪ ಮೊದಮೊದಲು ನಕ್ಕ, ಆಮೇಲೆ ರೇಗಿದ, ಕೊನೆಗೆ ಬರಿಗಾಲಿನಲ್ಲೇ ಮೋಟಾರು ಓಡಿಸುವುದನ್ನು ರೂಢಿ ಮಾಡಿಕೊಂಡ. ಮನೆಯಲ್ಲಿ ಇಷ್ಟೆಲ್ಲ ಆಗುತ್ತಿದ್ದರೂ ಒಬ್ಬರು ಮಾತ್ರ ಆ ಏಳನೇ ಕೋಣೆಯ ಕಡೆ ಮುಖ ಹಾಕಿರಲಿಲ್ಲ. ಅವಳು ನಮ್ಮಜ್ಜಿ, ಅಪ್ಪನ ತಾಯಿ. ಆ ಮೋಟಾರು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದವಳೂ ಅವಳೇ.

ಅಜ್ಜಿಗೆ ಬಾಗೂರಿನಲ್ಲಿ ಒಬ್ಬಳು ಅಕ್ಕ ಇದ್ದಳು. ತಾಯಿ ಬೇಗ ಹೋದದ್ದರಿಂದ ಅಜ್ಜಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಆ ಅಕ್ಕ. ಅವಳಿಗೀಗ ಮೊಣಕಾಲು ಊದಿ, ಹಾಸಿಗೆ ಬಿಟ್ಟು ಏಳಲಾರದಂತಾಗಿತ್ತು. ಇತ್ತ ಅಜ್ಜಿ ಬಾವಿಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದು ಬೆನ್ನು ಮುರಿದುಕೊಂಡಿದ್ದಳು. ನೆಟ್ಟಗೆ ಕೂರಬಲ್ಲಳು, ಕೋಲೂರಿ ಅಂಗಳದವರೆಗೆ ನಡೆಯಬಲ್ಲಳು, ಆದರೆ ಗಾಡಿಯ ಕುಲುಕಾಟ ಬೇಡವೇ ಬೇಡ ಎಂದು ಎಲುಬು ಕೂರಿಸುವ ಪಂಡಿತ ಕಟ್ಟಪ್ಪಣೆ ಮಾಡಿದ್ದ. ಒಮ್ಮೆ ಹಟ ಹಿಡಿದು ಹೊರಟದ್ದೂ ಉಂಟು. ಗಾಡಿಗೆ ಮೊಣಕಾಲುದ್ದ ಹುಲ್ಲು ಹಾಸಿ ಕೂರಿಸಿದ್ದರು. ಊರಿನ ಅಂಚು ದಾಟುವುದರೊಳಗೆ ಅಜ್ಜಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬೆವರುವುದನ್ನು ಕಂಡು ಅಪ್ಪ ಎತ್ತುಗಳನ್ನು ಹಿಂದಕ್ಕೆ ತಿರುಗಿಸಿದ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ಮೂರು ವರ್ಷವಾಗಿತ್ತು. ಬಾಗೂರಿನಿಂದ ಸಂತೆಗೆ ಬಂದವರೆಲ್ಲ ಒಂದೇ ಸುದ್ದಿ ತರುತ್ತಿದ್ದರು, ತಂಗಿ ಯಾವಾಗ ಬರ್ತಾಳೆ ಅಂತ ಕೇಳ್ತಾಳೆ ಎಂದು. ಅಜ್ಜಿ ಅವರಿಗೆ ಊಟ ಹಾಕಿ ಕಳಿಸಿ, ಆಮೇಲೆ ತಾನು ಊಟ ಮಾಡುತ್ತಿರಲಿಲ್ಲ. ಆ ಮೆತ್ತನೆಯ ಸೀಟಿನ ಮೇಲೆ ಅಪ್ಪ ಮೊದಲ ಸಲ ಕೂತಾಗ ಅವನಿಗೆ ನೆನಪಾದದ್ದೂ ಅಜ್ಜಿಯ ಬೆನ್ನೇ ಅಂತೆ. ಆದರೆ ಅಜ್ಜಿ ಜಗಲಿಯಿಂದಲೇ ಅದನ್ನು ಒಂದು ನೋಟ ನೋಡಿ ಮುಗಿಸಿಬಿಟ್ಟಳು.

"ಎದಿ ಮ್ಯಾಲೆ ಲಿಂಗ ಇಟ್ಕಂಡು, ಸತ್ತ ದನದ ತೊಗಲಿನ ಮ್ಯಾಲೆ ಕುಂತ್ಕಳ್ಲೇನಪ್ಪ?"

"ಅವ್ವಾ, ಅದು ನಮ್ಮ ಕಡೇದಲ್ಲ. ಸೀಮೆ ತೊಗಲು."

"ಸೀಮೆ ದನ ದನ ಅಲ್ವೇನು?"

ದಿನಗಟ್ಟಲೆ ಇದೇ ಜಗಳ. ಉಣ್ಣುವಾಗ, ಎಲೆಅಡಿಕೆ ಹಾಕುವಾಗ, ಅಪ್ಪ ಒಂದು ಮಾತು ಎತ್ತುವುದು, ಅಜ್ಜಿ ಅದನ್ನು ಅಲ್ಲೇ ಕತ್ತರಿಸುವುದು. ಒಂದು ದಿನ ಸಾಕಾಗಿ ಅವಳು, "ತೊಳ್ದು ಮಡಿ ಮಾಡಿದ್ರೆ ನೋಡಾಣ, ಈಗ ಸುಮ್ಕೆ ಉಣ್ಣಪ್ಪ" ಎಂದಳು. ಮಗನ ಬಾಯಿ ಮುಚ್ಚಿಸಲು ಆಡಿದ ಮಾತು ಅದು. ನಾನು ಅದನ್ನು ಅಪ್ಪಣೆ ಎಂದೇ ತಿಳಿದೆ. ನನಗಾಗ ಒಂಬತ್ತೋ ಹತ್ತೋ. ಅಜ್ಜಿಯನ್ನು ಬಾಗೂರಿಗೆ ಕಳಿಸಿದ ಕೀರ್ತಿ ನನಗೇ ಬರಬೇಕೆಂದು ಆ ಕ್ಷಣವೇ ನಿಶ್ಚಯಿಸಿದೆ. ನನ್ನ ಸ್ವಭಾವವೇ ಹಾಗೆ, ಈಗಲೂ ಹಾಗೆಯೇ. ಒಳ್ಳೆಯ ಕೆಲಸ ನಡೆಯಬೇಕೆಂಬ ಆಸೆ ಎಷ್ಟೋ, ಅದನ್ನು ನಾನೇ ಮಾಡಿದೆ ಎನ್ನಿಸಿಕೊಳ್ಳಬೇಕೆಂಬ ಆಸೆಯೂ ಅಷ್ಟೇ.

ಗಾಲಿಯ ರಬ್ಬರು ತರಲು ಅಪ್ಪ ರೈಲಿನಲ್ಲಿ ಬೆಂಗಳೂರಿಗೆ ಹೋದ ದಿನ ಅಮ್ಮ ಸೆರಗನ್ನೂ ನಾನು ಲಂಗವನ್ನೂ ಸೊಂಟಕ್ಕೆ ಸಿಕ್ಕಿಸಿದೆವು. ಶಿವರಾತ್ರಿ ಕಳೆದು ತಿಂಗಳ ಮೇಲಾಗಿ, ಬಿಸಿಲು ಏರಿದ್ದ ದಿನಗಳು. ಹಿಂದಿನ ಸಂಜೆಯೇ ಅಂಟುವಾಳದ ಕಾಯಿ ನೆನೆಹಾಕಿದ್ದೆವು. ಹಂಡೆಯಲ್ಲಿ ನೀರು ಕಾಯಿಸಿ, ಅಂಟುವಾಳದ ನೊರೆಗೆ ಸೀಗೆಪುಡಿ ಕಲಸಿ, ತೆಂಗಿನ ನಾರಿನಿಂದ ಎರಡೂ ಸೀಟುಗಳನ್ನು ತಿಕ್ಕಿದೆವು. ದೊರೆಯ ಕಾಲದ ಕೊಳೆಯೆಲ್ಲ ಕಂದು ನೊರೆಯಾಗಿ ಇಳಿಯುವಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಸಾಲದೆಂದು ಮೇಲಿಂದ ಎರಡು ಕೊಡ ಬಿಸಿನೀರು ಸುರಿದೆವು. ತೇಗದ ಹಲಗೆಗೆ ಒಲೆಯ ಬೂದಿ. ಹಿತ್ತಾಳೆ ಕಟ್ಟಿಗೆ ಹುಣಸೆಹಣ್ಣು. ಮರದ ನೆಲಕ್ಕೆ ಅಮ್ಮ ಅಚ್ಚುಕಟ್ಟಾಗಿ ಸಗಣಿ ಸಾರಿಸಿ, ಅಂಚಿಗೆ ಒಂದೆಳೆ ಸುಣ್ಣವನ್ನೂ ಎಳೆದಳು. ಕೊನೆಗೆ ಗೋಮೂತ್ರ ಚಿಮುಕಿಸಿ, ಮೋಟಾರನ್ನು ಅಕ್ಕಪಕ್ಕದ ಮನೆಯವರ ಕೈಯಿಂದ ತಳ್ಳಿಸಿ, ಮೇಲಿನ ಕ್ಯಾನ್‌ವಾಸು ಮಡಚಿ, ಒಣಗಲೆಂದು ನಡುಬಿಸಿಲಿಗೆ ನಿಲ್ಲಿಸಿದೆವು. ಮನೆಯೊಂದನ್ನು ಶುಚಿ ಮಾಡಲು ನಮಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ್ದೆವು, ಒಂದನ್ನೂ ಬಿಟ್ಟಿರಲಿಲ್ಲ.

ಮಾರನೆಯ ಮಧ್ಯಾಹ್ನ ಸೀಟಿನ ಮೇಲೆ ಕೈಯಿಟ್ಟೆ. ಹಪ್ಪಳ. ಕೆಂಪು ಹೋಗಿ ಬಿಳಿಚಿಕೊಂಡಿತ್ತು. ಕೈ ಒತ್ತಿದರೆ ಚುರುಕ್ ಎಂದು ಸೀಳುತ್ತಿತ್ತು. ಒಳಗೆ ತುಂಬಿದ್ದ ಕುದುರೆ ಕೂದಲು ನೀರು ಕುಡಿದು ಮುಗ್ಗಲು ನಾತ ಹೊಡೆಯುತ್ತಿತ್ತು. ಹುಣಸೆಯ ಬಟ್ಟಲು ಇಟ್ಟು ರಸ ತೊಟ್ಟಿಕ್ಕಿದ ಕಡೆ ಹಿಂದಿನ ಸೀಟಿನ ಅಂಚಿನಲ್ಲಿ ವೀಳ್ಯದೆಲೆಯಷ್ಟಗಲ ಕಪ್ಪು ಕಲೆ. ನಾನು ಅದರ ಮೇಲೆ ನನ್ನ ಲಂಗದ ಅಂಚು ಹರಡಿ ಕೂತು ಅದು ಕಾಣದಂತೆ ಮಾಡಲು ನೋಡಿದೆ. ನಾನು ಎಷ್ಟು ದಿನ ಹಾಗೆ ಕೂತಿರಬಲ್ಲೆ?

ಅಪ್ಪ ಬಂದವನು ಕೂಗಾಡುತ್ತಾನೆಂದು ಎಣಿಸಿದ್ದೆವು. ಅವನು ಗಾಲಿಯ ರಬ್ಬರನ್ನು ನೆಲಕ್ಕೆ ಬಿಟ್ಟು, ಯಾರೂ ತುಳಿಯಬಾರದ ಆ ಹೊಸಿಲಿನ ಮೇಲೆ ಕುಸಿದು ಕೂತ.

"ಯಾರ ಕೆಲಸ ಇದು?"

"ನಂದೇ" ಎಂದಳು ಅಮ್ಮ.

"ಅಲ್ಲಪ್ಪ, ನಂದು" ಎಂದೆ ನಾನು.

ಜಗಲಿಯಿಂದ ಅಜ್ಜಿಯ ದನಿ ಬಂತು. "ಹೇಳಿದ್ದು ನಾನು ಕಣಪ್ಪ. ಅವ್ರನ್ನ ಬಯ್ಬ್ಯಾಡ."

"ಮೂರು ಜನ ಸೇರಿ ಒಂದು ಮೋಟ್ರು ಕೊಂದ್ರಿ" ಎಂದ ಅಪ್ಪ. "ಇನ್ಮ್ಯಾಲೆ ಈ ಮನಿ ಹೆಂಗಸ್ರು ಯಾರೂ ಅದನ್ನ ಮುಟ್ಟಂಗಿಲ್ಲ."

ಎರಡು ದಿನ ಅವನು ನಮಗೆ ಬೆನ್ನು ಮಾಡಿ ಕೂತು ಉಂಡ. ಬಡಿಸುವಾಗ ಸಾಕು ಎನ್ನಲು ಕೈ ಅಡ್ಡ ಹಿಡಿಯುತ್ತಿದ್ದ. ಅಜ್ಜಿಯಂತೂ ಬಾಗೂರಿನ ಹೆಸರೆತ್ತುವುದನ್ನೇ ಬಿಟ್ಟಳು. ಅಪ್ಪನ ಸಿಟ್ಟನ್ನು ನಾನು ತಡೆಯಬಲ್ಲವಳಾಗಿದ್ದೆ. ಅಜ್ಜಿ ಅಕ್ಕನ ಹೆಸರು ಹೇಳದೆ ಒಂದಿಡೀ ದಿನ ಕಳೆದದ್ದನ್ನು ತಡೆಯಲಾಗಲಿಲ್ಲ. ಮೂರನೆಯ ದಿನ ಸೀಟಿನಿಂದ ಕಿತ್ತುಬಂದಿದ್ದ ಒಂದು ತೊಗಲಿನ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು, ಅಮ್ಮನಿಗೆ ಮಾತ್ರ ಹೇಳಿ, ಜಟಕಾಗಳು ನಿಲ್ಲುವ ಕಡೆಗೆ ನಡೆದೆ. ಅಲ್ಲಿ ಕುದುರೆಗಳಿಗೆ ಜೀನು, ಲಗಾಮು ಹೊಲಿದುಕೊಡುವ ಕಾಸಿಂ ಸಾಬರ ಗುಡಿಸಲಿತ್ತು. ಮುದುಕರು. ಗಡ್ಡ ಬಿಳಿ, ಬೆರಳುಗಳು ಮಾತ್ರ ಎಣ್ಣೆಯಲ್ಲಿ ನೆನೆದ ಕರಿಮರದಂತೆ. ಸಾಬರು ಚೂರನ್ನು ಮೂಸಿದರು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿ ಅದರ ಸದ್ದು ಕೇಳಿದರು.

"ಏನು ಹಾಕಿ ತೊಳದ್ಯವ್ವ?"

ಹೇಳಿದೆ. ಅಂಟುವಾಳ, ಸೀಗೆ, ಬಿಸಿನೀರು, ಬಿಸಿಲು. ಒಂದೊಂದಕ್ಕೂ ಅವರು ಅಯ್ಯಯ್ಯೋ ಎಂದರು. ಗೋಮೂತ್ರಕ್ಕೆ ಬಂದಾಗ ಅವರಿಗೆ ನಗು ತಡೆಯಲಾಗಲಿಲ್ಲ.

"ಬೇಟಿ, ನಿನ್ನ ತಲೆಗೆ ಸೀಗೆ ಹಾಕಿ ಎರಿಯಾಕೆ ಮುಂಚೆ ನಿಮ್ಮಜ್ಜಿ ಏನು ಹಚ್ತಾರೆ?"

"ಹರಳೆಣ್ಣೆ."

"ಹಂಗಿದ್ರೆ ಇದಕ್ಕೆ ಯಾಕೆ ಹಚ್ಲಿಲ್ಲ? ತೊಗಲು ಅಂದ್ರೆ ಮೈ ಅಲ್ವಾ? ಅದರಾಗಿದ್ದ ಜಿಡ್ಡೆಲ್ಲ ತೆಗೆದು ಬಿಸಿಲಿಗೆ ಕೂರಿಸೀರಿ." ಚೂರನ್ನು ಮತ್ತೆ ಬಗ್ಗಿಸಿ ನೋಡಿದರು. "ಇನ್ನೂ ಜೀವ ಐತೆ. ನಡಿ, ನೋಡಾಣ."

ಜೀವ ಐತೆ ಎಂಬ ಆ ಎರಡು ಪದಗಳನ್ನು ಬಾಯಲ್ಲಿ ಬೆಲ್ಲದ ಹಾಗೆ ಇಟ್ಟುಕೊಂಡು ನಾನು ಅವರ ಮುಂದೆ ಮುಂದೆ ಓಡಿದೆ. ಹಿತ್ತಿಲ ಬಾಗಿಲಲ್ಲಿ ಅಪ್ಪ ನಿಂತಿದ್ದ. ಸಾಬರು ಸಲಾಮು ಮಾಡಿ, ಸೀಟನ್ನು ಒಂದು ಸುತ್ತು ನೋಡಿ, ಎರಡು ಹೊಲಿಗೆ ಬಿಚ್ಚಿ ಒಳಗೆ ಮುಗ್ಗಿದ್ದ ಕೂದಲನ್ನಷ್ಟೇ ಹೊರತೆಗೆಸಿ ನೆರಳಲ್ಲಿ ಹರಡಿಸಿದರು. ಕೆಲಸ ಎಷ್ಟು ದಿನದ್ದು ಎಂದು ಅಪ್ಪ ಕೇಳಿದ. ಹೊಲಿಗೆ ನನ್ನದು, ಒಂದು ದಿನ ಸಾಕು, ಎಣ್ಣೆ ಕುಡಿಸೋದಕ್ಕೆ ಮಾತ್ರ ತಿಂಗಳು ಬೇಕು, ದಿನಾ ಒಬ್ಬರು ಕೂರಬೇಕು ಎಂದರು ಸಾಬರು. ಅಪ್ಪ ನನ್ನ ಕಡೆ ತಿರುಗಿದ. ಮೂರು ದಿನದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

"ಹಾಳು ಮಾಡ್ದೋಳು ನೀನು, ಗೌರೀ. ಸರಿ ಮಾಡೋಳೂ ನೀನೇ. ಮುಂಗಾರು ಬಿತ್ತು ಅಂದ್ರೆ ಬಾಗೂರಿನ ಎರೆಮಣ್ಣಾಗೆ ಮೋಟ್ರು ಹೂತು ಹೋಗ್ತೈತೆ. ಅದ್ರೊಳಗೆ ಆಗ್ಬೇಕು, ನೋಡು."

ಮನೆಯ ಹೆಂಗಸರು ಮೋಟಾರು ಮುಟ್ಟಬಾರದೆಂಬ ಕಟ್ಟಳೆ ಆಡಿದ ಮೂರನೇ ದಿನಕ್ಕೇ ಮುರಿದುಬಿತ್ತು. ಮೊದಲು ಒಣಬಟ್ಟೆ ಎಂದರು ಸಾಬರು. ಅಮ್ಮನ ಹಳೇ ನೂಲಿನ ಸೀರೆಯನ್ನು ಹರಿದು, ಹೊಲಿಗೆಯ ಸಂದಿನಲ್ಲಿ ಕೂತ ಧೂಳನ್ನು ಒಂದು ಕಣವೂ ಉಳಿಯದಂತೆ ತೆಗೆಯಬೇಕು. ಧೂಳಿನ ಮೇಲೆ ಎಣ್ಣೆ ಹಚ್ಚಿದರೆ ಮರಳಿನಿಂದ ಉಜ್ಜಿದ ಹಾಗೆ. ಆಮೇಲೆ ಹರಳೆಣ್ಣೆಗೆ ಜೇನುಮೇಣ ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ, ಚೂರು ಕಾವಿ ಬೆರೆಸಿ, ಕೈ ಸುಡದಷ್ಟು ಆರಿಸಿ, ತೆಳ್ಳಗೆ ಸವರಬೇಕು. ಒಂದು ಹೊತ್ತು ನೆರಳಲ್ಲಿ ಬಿಟ್ಟು, ಉಳಿದದ್ದನ್ನು ಒರೆಸಿ ತೆಗೆಯಬೇಕು. ಮರುದಿನ ಮತ್ತೆ ಅದೇ. ಮೊದಲ ನಾಲ್ಕು ದಿನ ಏನೂ ಆಗಲಿಲ್ಲ. ಹಚ್ಚಿದ್ದೆಲ್ಲ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಐದನೆಯ ದಿನ ನನ್ನ ತಾಳ್ಮೆ ಕೆಟ್ಟಿತು. ಬಟ್ಟಲನ್ನೇ ಬಗ್ಗಿಸಿ ಸುರಿದೆ. ಅಪ್ಪ ನೋಡಲೆಂದು ಬಂದು ಮರೆತು ಕೂತವನು ಏಳುವಾಗ ಅವನ ಬಿಳಿ ಪಂಚೆಯ ಹಿಂಭಾಗ ಕೆಂಪು ಕಾವಿಯ ಗೋಡೆಯಾಗಿತ್ತು. ಹಾಗೇ ಪೇಟೆಗೂ ಹೋಗಿಬಂದ ಪುಣ್ಯಾತ್ಮ. ಜೊತೆಗೆ ಎಣ್ಣೆಯ ವಾಸನೆಗೆ ಇಲಿ ಬಂತು, ಇರುವೆ ಬಂತು. ಸಾಬರು ಬಂದು ಹಣೆ ಬಡಿದುಕೊಂಡು, ಸೀಟಿನ ಅಡಿಗೆ ಬೇವಿನ ಸೊಪ್ಪೂ ಬಜೆ ಬೇರೂ ಇಡಿಸಿದರು.

"ಜಲ್ದಿ ಮಾಡ್ಬ್ಯಾಡ ಬೇಟಿ. ಅದು ಕುಡಿಯೋಷ್ಟೇ ಕುಡೀತದೆ. ಮಿಕ್ಕಿದ್ದು ಒರೆಸು."

ಆ ಹೊತ್ತಿಗೆ ಅಜ್ಜಿ ಜಗಲಿ ಬಿಟ್ಟು ಕೊಟ್ಟಿಗೆಯ ಎದುರಿಗಿದ್ದ ಒರಳುಕಲ್ಲಿನ ಪಕ್ಕ ಬಂದು ಕೂರತೊಡಗಿದ್ದಳು. ಕೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದಳು. ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎಣ್ಣೆ ನೀರು ಹಾಕಿದ ಕೈ ಅವಳದು. ಕೂಸು ಅಳದಂತೆ ಎಣ್ಣೆ ತಿಕ್ಕುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ನಾನು ಬೆರಳ ತುದಿಯಿಂದ ಸವರುವುದನ್ನು ಎಷ್ಟು ದಿನವೆಂದು ನೋಡಿಯಾಳು?

"ಲೇ, ಅಂಗೈ ಊರೇ! ಬೆಳ್ಳಾಗೆ ಗೀಚಿದ್ರೆ ಒಳಕ್ಕೆ ಹೋಗ್ತೈತಾ? ಅಂಗೈ ಬಿಸಿ ತಗಲ್ಬೇಕು. ಸುತ್ತಿಸಿ ಸುತ್ತಿಸಿ ತಿಕ್ಕು. ಹೂಂ, ಹಂಗೆ. ಮೂಲೆ ಬಿಡ್ಬ್ಯಾಡ, ಕೂಸಿಗೆ ಕಂಕುಳ ಬಿಡ್ತೀವೇನು?"

ಅಂದಿನಿಂದ ನನಗೆ ಇಬ್ಬರು ಗುರುಗಳು. ಸಾಬರು ವಾರಕ್ಕೊಮ್ಮೆ ಬಂದು ನೋಡುವರು, ಅಜ್ಜಿ ದಿನವೂ ಒರಳಿನ ಪಕ್ಕದಿಂದ ಆಜ್ಞೆ ಮಾಡುವಳು. ಮುಟ್ಟುವಂತಿಲ್ಲ, ಆದರೆ ಸುಮ್ಮನಿರುವಂತೆಯೂ ಇಲ್ಲ, ಅದು ಅವಳ ಕಷ್ಟ. ಅಂಗೈ ಊರಿ ತಿಕ್ಕಿದೆ. ಹೆಬ್ಬೆರಳಿನ ಬುಡ ಬೊಬ್ಬೆ ಬಂದು ಒಡೆಯಿತು. ಊಟಕ್ಕೆ ಕೂತರೆ ರೊಟ್ಟಿಗೂ ಹರಳೆಣ್ಣೆಯ ವಾಸನೆ. ಗೆಳತಿಯರು ಮೂಗು ಮುಚ್ಚಿಕೊಂಡು ಆಟಕ್ಕೆ ಸೇರಿಸದಾದರು, ಹೋಗಲಿ ಎಂದುಕೊಂಡೆ. ಬೂದಿಯಿಂದ ಮಂಕಾಗಿದ್ದ ತೇಗದ ಹಲಗೆಗೆ ಅಮ್ಮ ಕೊಬ್ಬರಿ ಚೂರು ಉಜ್ಜಿ ಬಟ್ಟೆಯಿಂದ ತೀಡಿ ಹೊಳಪು ತಂದಳು. ನೆಲದ ಸಗಣಿಯನ್ನು ಅವಳೇ ಕೆರೆದು ತೆಗೆದಳು, ಅಂಚಿನ ಸುಣ್ಣ ಮಾತ್ರ ಹೋಗಲೇ ಇಲ್ಲ. ಹದಿನೈದು ದಿನ ಕಳೆದ ಒಂದು ಬೆಳಿಗ್ಗೆ ಸೀಟನ್ನು ಹೆಬ್ಬೆರಳಿನಿಂದ ಒತ್ತಿದೆ. ಕುಳಿ ಬಿತ್ತು. ಕೈ ತೆಗೆದೆ. ಕುಳಿ ಮೆಲ್ಲಗೆ ಮೇಲೆದ್ದು ಮುಚ್ಚಿಕೊಂಡಿತು. ನಾನು ಕಿರುಚಿಕೊಂಡದ್ದಕ್ಕೆ ಅಮ್ಮ ಹಾವೆಂದು ಕೋಲು ಹಿಡಿದು ಓಡಿಬಂದಳು.

ತಿಂಗಳು ತುಂಬುವ ಹೊತ್ತಿಗೆ ಕೆಂಪು ಮರಳಿತ್ತು. ಸಾಬರು ಸೀಳಿದ ಕಡೆಯಲ್ಲೆಲ್ಲ ಸಣ್ಣ ಹೊಲಿಗೆ ಹಾಕಿ, ಬಿರುಕುಗಳಿಗೆ ಮೇಣ ತುಂಬಿ, ಒಣಗಿದ ಕೂದಲನ್ನು ಮತ್ತೆ ಒಳಗಿಟ್ಟರು. ಹುಣಸೆ ಕಲೆ ಉಳಿಯಿತು, ಕೊನೆಯವರೆಗೂ ಉಳಿಯಿತು. ಅಪ್ಪ ಬಂದು, ಮೊದಲು ಕೈಯಿಂದ ಮುಟ್ಟಿ ನೋಡಿ, ಬೆರಳಿಗೆ ಬಣ್ಣ ಹತ್ತಲಿಲ್ಲವೆಂದು ಖಾತ್ರಿ ಮಾಡಿಕೊಂಡು ಕೂತ. ಒಮ್ಮೆ ಮೇಲೆ ಕೆಳಗೆ ಕುಪ್ಪಳಿಸಿದ. ಇನ್ನೊಮ್ಮೆ ಕುಪ್ಪಳಿಸಿದ. ಆಮೇಲೆ ನನ್ನನ್ನೆತ್ತಿ ಪಕ್ಕದಲ್ಲಿ ಕೂರಿಸಿಕೊಂಡು ಇಬ್ಬರೂ ಕುಪ್ಪಳಿಸಿದೆವು. ಅವನು ಹೊಗಳುವ ಜಾತಿಯವನಲ್ಲ. ಆ ಕುಪ್ಪಳಿಕೆಯೇ ಸಾಕಾಯಿತು.

ಆದರೆ ಅಜ್ಜಿ?

"ಚೆಂದಾಗೈತೆ" ಎಂದಳು. "ಚೆಂದಾಗಿಲ್ಲ ಅಂತ ನಾನು ಹೇಳಲ್ಲ. ಆದ್ರೂ ತೊಗಲು ತೊಗಲೇ ಅಲ್ವೇನಪ್ಪ."

ನನಗೆ ಅಳು ಬಂತು. ತಿಂಗಳಿಡೀ ಆ ಸೀಟಿಗೆ ನಾನು ಎಣ್ಣೆ ಹಾಕಿದ್ದು ಅಪ್ಪ ಕುಪ್ಪಳಿಸಲೆಂದಲ್ಲ. ಆ ದಿನ ಅಜ್ಜಿ ಲಿಂಗಪೂಜೆಗೆ ಕೂತಾಗ ಬಾಗಿಲಲ್ಲಿ ನಿಂತು ಸುಮ್ಮನೆ ಅವಳನ್ನು ದುರುಗುಟ್ಟಿ ನೋಡುತ್ತಿದ್ದೆ. ಆಗ ಕಣ್ಣಿಗೆ ಬಿತ್ತು, ಅವಳು ಕೂತಿದ್ದದ್ದು ಕರಿ ಕಂಬಳಿಯ ಮೇಲೆ. ಮನೆಗೆ ಸ್ವಾಮಿಗಳು ಬಂದರೂ ಗದ್ದುಗೆಗೆ ಹಾಸುತ್ತಿದ್ದದ್ದು ಕಂಬಳಿಯನ್ನೇ. ಸೀರೆಗೆ ಮೈಲಿಗೆಯುಂಟು, ಚಾಪೆಗೆ ಉಂಟು, ಕಂಬಳಿಗೆ ಇಲ್ಲ ಎಂದು ಅವಳೇ ನನಗೆ ನೂರು ಸಲ ಹೇಳಿದ್ದಳು. ಪೂಜೆ ಮುಗಿಯುವವರೆಗೂ ಕಾಯದೆ ಕುರಿ ಸಾಕುವ ಕೆಂಚವ್ವನ ಹಟ್ಟಿಗೆ ಓಡಿದೆ. ನಮ್ಮ ಮನೆಗೆ ಕಂಬಳಿ ನೇಯ್ದು ಕೊಡುತ್ತಿದ್ದವಳು ಅವಳು. ಕೆಂಚವ್ವ ಬಂದು ಸೀಟನ್ನು ಮೊಳ ಹಾಕಿ ಅಳೆದಳು. ಮನೆಯ ಕಂಬಳಿಗೇ ಕತ್ತರಿ ಹಾಕಿ ಹೊಲಿಯೋಣ ಎಂದ ಅಪ್ಪನಿಗೆ, ಕತ್ತರಿಸಿದ ಉಣ್ಣೆ ಎಳೆ ಬಿಡ್ತೈತೆ, ಅಳತೆಗೇ ನೇಯ್ದು ಕೊಡ್ತೀನಿ ಎಂದು ಗದರಿದಳು. ಹತ್ತು ದಿನಕ್ಕೆ ತಂದೂ ಬಿಟ್ಟಳು. ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕರಿ ಕಂಬಳಿ, ಅಂಚಿನಲ್ಲಿ ಎರಡೆಳೆ ಬಿಳಿ, ನಾಲ್ಕು ಮೂಲೆಗೂ ಕಟ್ಟಲು ಉಣ್ಣೆಯ ಹುರಿ. ಹಿಂದಿನ ಸೀಟಿಗೆ ಹಾಸಿ ಕಟ್ಟಿದಾಗ ಬೆರಳಗಲವೂ ತೊಗಲು ಕಾಣಲಿಲ್ಲ. ಸೀಟಿಗೆ ಬಿಸಿಲೂ ತಾಗದು, ಧೂಳೂ ತಾಗದು.

ಅಜ್ಜಿ ಕೋಲೂರಿಕೊಂಡು ಬಂದು ನೋಡಿದಳು. "ಮ್ಯಾಲೆ ಕಂಬಳಿ ಹಾಸಿದ್ರೆ ಕೆಳಗಿನ ತೊಗಲು ಎಲ್ಲಿಗೆ ಹೋಗ್ತೈತೆ?"

ಉತ್ತರ ಕೊಟ್ಟವಳು ಕೆಂಚವ್ವ. "ಕುರಿ ಮೈಮ್ಯಾಲೂ ಹಂಗೇ ಅಲ್ವೇನ್ರಮ್ಮ? ಕೆಳಗೆ ತೊಗಲು, ಮ್ಯಾಲೆ ಉಣ್ಣೆ. ಅದನ್ನ ಹಾಸ್ಕಂಡು ನೀವು ಪೂಜೆ ಮಾಡಾಕಿಲ್ವಾ? ಕುಂತ್ಕಳ್ರಿ, ಸಾಕು."

ನಮ್ಮ ಮನೆಯಲ್ಲಿ ಅವಳನ್ನು ಮಾತಿನಲ್ಲಿ ಕಟ್ಟಿಹಾಕಿದವರನ್ನು ನಾನು ಅದೇ ಮೊದಲು ಕಂಡದ್ದು. ಅಜ್ಜಿ ನಗತೊಡಗಿದಳು. ನೋಯುವ ಬೆನ್ನು ಹಿಡಿದುಕೊಂಡು, ಬಾಯಿ ತುಂಬ ನಕ್ಕಳು.

"ನಾಳೆ ಹೋಗಾಣ" ಎಂದಳು.

ಮುಂಗಾರು ಮೋಡ ಕೋಟೆಯ ಹಿಂದೆ ಕಾಣಿಸಿಕೊಂಡಿದ್ದ ದಿನಗಳವು. ಮುಂಜಾನೆಯೇ ಹೊರಟೆವು. ಅಪ್ಪ ಮುಂದೆ, ಅಮ್ಮ ಅವನ ಪಕ್ಕ ಬುತ್ತಿಗಂಟು ಹಿಡಿದುಕೊಂಡು, ಹಿಂದೆ ಅಜ್ಜಿಯೂ ನಾನೂ. ಹೊಸಿಲು ತುಳಿಯಬಾರದಲ್ಲ, ಅಜ್ಜಿಯನ್ನು ಅಪ್ಪ ಕೂಸಿನಂತೆ ಎತ್ತಿ ಒಳಗೆ ಕೂರಿಸಿದ. ಮೊದಲ ತಗ್ಗಿಗೆ ಅವಳು ನನ್ನ ತೋಳು ಹಿಡಿದು ಕಣ್ಣು ಮುಚ್ಚಿದಳು. ಸೀಟು ಕುಗ್ಗಿತು, ಎದ್ದಿತು. ಅವಳು ಒಂದು ಕಣ್ಣು ತೆರೆದಳು.

"ಏನೂ ಆಗ್ಲಿಲ್ವಲ್ಲೇ" ಎಂದಳು.

ಹೊಳಲ್ಕೆರೆಗೆ ಬರುವಷ್ಟರಲ್ಲಿ ಅವಳು ದಾರಿಯಲ್ಲಿ ಹೋಗುವವರ ಯೋಗಕ್ಷೇಮ ವಿಚಾರಿಸುವ ಮಟ್ಟಕ್ಕೆ ಬಂದಿದ್ದಳು. ಅಲ್ಲಿ ಮರದ ನೆರಳಲ್ಲಿ ನಿಲ್ಲಿಸಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನಾನು ಮೊದಲು ಒಣಬಟ್ಟೆಯಿಂದ ಹಲಗೆಯ ಮೇಲಿನ ಧೂಳು ಹೊಡೆದೆ, ಆಮೇಲೆ ಉಂಡೆ. ಸೀಟಿನ ಮೇಲೆ ಒಂದು ತುಣುಕು ಬೀಳದಂತೆ ಎಲ್ಲರನ್ನೂ ಕೆಳಗಿಳಿಸಿ ತಿನ್ನಿಸಿದ್ದೂ ನಾನೇ. ಅಪ್ಪ ಎದುರು ಮಾತಾಡದೆ ಇಳಿದ. ಹೊಸದುರ್ಗ ದಾಟಿದ ಮೇಲೆ ಎರೆಹೊಲಗಳ ನಡುವಿನ ದಾರಿ, ಹದವಾಗಿ ಒಣಗಿತ್ತು. ಬಾಗೂರು ಮುಟ್ಟಿದಾಗ ಹೊತ್ತು ಇಳಿಯತೊಡಗಿತ್ತು. ಹಿಂದೆ ಓಡಿಬಂದ ಜನ ಬಾಗಿಲಿಗೆ ತುಂಬಿಕೊಂಡರು.

ದೊಡ್ಡಜ್ಜಿ ಒಳಗೆ ಹೊರಸಿನ ಮೇಲೆ ಮಲಗಿದ್ದಳು. ನಮ್ಮಜ್ಜಿ ಕೋಲನ್ನು ಬಾಗಿಲಲ್ಲೇ ಬಿಟ್ಟು ಗೋಡೆ ಹಿಡಿದು ಹೋದಳು. ದೊಡ್ಡಜ್ಜಿ ತಂಗಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಗಲ್ಲ, ಕಿವಿ, ತಲೆ ಎಲ್ಲ ಸವರಿ ನೋಡಿದಳು.

"ಗಾಡ್ಯಾಗೆ ಬಂದ್ಯೇನೇ? ಬೆನ್ನು?"

"ಮೋಟ್ರಾಗೆ ಬಂದೆ ಅಕ್ಕಾ. ಬೆನ್ನಿಗೆ ಗೊತ್ತೇ ಆಗ್ಲಿಲ್ಲ." ನಮ್ಮಜ್ಜಿಯ ದನಿಯಲ್ಲಿ ಆಗ ನಾಲ್ಕು ವರ್ಷದ ಹುಡುಗಿಯ ಜಂಬ ಇತ್ತು. "ನೀನೂ ಬಾ. ಒಂದು ಸುತ್ತು ಹೋಗಾಣ."

ಅಪ್ಪನೂ ಇನ್ನಿಬ್ಬರೂ ಸೇರಿ ದೊಡ್ಡಜ್ಜಿಯನ್ನು ಹೊರಸಿನ ಸಮೇತ ಹೊರಗೆ ತಂದರು. ಮೆಲ್ಲಗೆ ಎತ್ತಿ ಕಂಬಳಿಯ ಮೇಲೆ ಕೂರಿಸಿದರು. ಎಷ್ಟೋ ಕಾಲದಿಂದ ಮನೆಯ ತೊಲೆಗಳನ್ನು ಬಿಟ್ಟು ಬೇರೇನನ್ನೂ ನೋಡದ ಮುದುಕಿ ತನ್ನ ಊರನ್ನು ಒಂದು ಸುತ್ತು ನೋಡಿದಳು. ಕೆರೆ ಏರಿ, ತಾನು ಕಾಳು ಬಿತ್ತಿದ ಹೊಲ, ಗುಡಿಯ ಮುಂದಿನ ಬೇವು. ಅಕ್ಕ ತಂಗಿ ಒಬ್ಬರ ಕೈ ಒಬ್ಬರು ಹಿಡಿದಿದ್ದರು. ನಾನು ಕೆಳಗೆ, ಆ ಸುಣ್ಣದ ಗೆರೆ ಉಳಿದ ಮರದ ನೆಲದ ಮೇಲೆ, ಅವರ ಕಾಲ ಬಳಿ ಕೂತಿದ್ದೆ. ಇಡೀ ಬಾಗೂರಿನಲ್ಲಿ ನನ್ನಷ್ಟು ಎತ್ತರದಲ್ಲಿ ಕೂತವರು ಆಗ ಬೇರೆ ಯಾರೂ ಇಲ್ಲವೆನಿಸಿತು.

ಎರಡು ದಿನ ಉಳಿದೆವು. ಹೊರಡುವ ಬೆಳಿಗ್ಗೆ ತಣ್ಣನೆ ಗಾಳಿ ಬೀಸುತ್ತಿತ್ತು, ಮಳೆ ಇನ್ನೇನು ಬಂತು ಎಂಬ ಹಾಗೆ. ಬಾಗಿಲವರೆಗೆ ಹೊರಸು ತರಿಸಿಕೊಂಡಿದ್ದ ದೊಡ್ಡಜ್ಜಿ ನಡುಗುತ್ತಿದ್ದಳು. ನಮ್ಮಜ್ಜಿ ಮೋಟಾರಿನ ಹತ್ತಿರ ಬಂದವಳು ತಿರುಗಿ ಅಕ್ಕನನ್ನು ನೋಡಿದಳು. ಮತ್ತೆ ಸೀಟನ್ನು ನೋಡಿದಳು.

"ಗೌರೀ, ಕಂಬಳಿ ಬಿಚ್ಚು."

"ಅಜ್ಜೀ, ನೀನು?"

"ಬಿಚ್ಚು ಅಂದ್ನಲ್ಲ. ಅಕ್ಕಂಗೆ ಚಳಿ ಆಗ್ತೈತೆ."

ನಾಲ್ಕೂ ಹುರಿ ಬಿಚ್ಚಿದೆ. ಅಜ್ಜಿ ತನ್ನ ಕೈಯಾರೆ ಕಂಬಳಿಯನ್ನು ಅಕ್ಕನಿಗೆ ಕತ್ತಿನವರೆಗೆ ಹೊದಿಸಿ, ಅಂಚು ಒಳಗೆ ಸಿಕ್ಕಿಸಿ ಬಂದಳು. ಈಗ ಸೀಟು ಬರಿದಾಗಿತ್ತು. ಕೆಂಪಗೆ, ಹೊಲಿಗೆಗಳು ಕಾಣುವಂತೆ, ಆ ಹುಣಸೆ ಕಲೆಯೂ ಕಾಣುವಂತೆ. ಅಪ್ಪ ಏನಾದರೂ ಹಾಸಲು ಹುಡುಕುತ್ತ ತನ್ನ ಹೆಗಲಿನ ವಸ್ತ್ರ ತೆಗೆದ. ಅಜ್ಜಿ ಬೇಡವೆಂದು ಕೈಯಾಡಿಸಿದಳು. ಬಾಗಿ, ಅಂಗೈಯನ್ನು ಪೂರ್ತಿ ಬಿಡಿಸಿ, ತೊಗಲಿನ ಮೇಲೆ ಇಟ್ಟಳು. ಕೂಸುಗಳ ಮೈ ಹದವಾಗಿದೆಯೇ ಎಂದು ನೋಡುತ್ತಿದ್ದ ಹಾಗೆಯೇ ಒಮ್ಮೆ ಸುತ್ತಿಸಿ ಸವರಿದಳು.

"ಮೂಲೆ ಬಿಟ್ಟಿಲ್ಲ ನೀನು" ಎಂದಳು ನನಗೆ. "ಕೈ ಬಂದೈತೆ ಕಣೇ ನಿಂಗೆ. ಇದು ಸತ್ತ ತೊಗಲಲ್ಲ ಬಿಡು. ನೀನು ಸಾಕಿದ್ದು."

ನನ್ನ ಬಾಳಿನಲ್ಲಿ ಆಮೇಲೆ ಬಂದ ಹೊಗಳಿಕೆಗಳನ್ನೆಲ್ಲ ನಾನು ಆ ಮಾತಿನ ಪಕ್ಕ ಇಟ್ಟು ತೂಗಿದ್ದೇನೆ. ಯಾವುದೂ ಅದರ ತೂಕಕ್ಕೆ ಬರಲಿಲ್ಲ. ಅಜ್ಜಿ ಸೆರಗಿನ ಒಳಗೆ ಎದೆಯ ಮೇಲಿದ್ದ ಲಿಂಗವನ್ನು ಒಮ್ಮೆ ಮುಟ್ಟಿಕೊಂಡು, ಅಪ್ಪ ಎತ್ತಿದ್ದೇ ತಡ, ಆ ಬರೀ ಸೀಟಿನ ಮೇಲೆ ನೆಟ್ಟಗೆ ಕೂತಳು. ದಾರಿಯುದ್ದಕ್ಕೂ ತೊಗಲಿನ ಮೇಲಿಂದ ಅಂಗೈ ತೆಗೆಯಲಿಲ್ಲ. ಹೊಳಲ್ಕೆರೆ ದಾಟಿದ ಮೇಲೆ ಮೊದಲ ಹನಿಗಳು ಬಿದ್ದವು. ಕ್ಯಾನ್‌ವಾಸು ಎಳೆದುಕೊಂಡು ಬಂದೆವು. ಕೋಟೆ ಕಾಣಿಸಿತು. ಅಪ್ಪ ಹಿತ್ತಿಲಿನ ಬಾಗಿಲಿಗೆ ಹತ್ತಿರದ ಸಂದಿಯ ಕಡೆಗೆ ಮೋಟಾರು ತಿರುಗಿಸಲು ಹೋದ. ಅಜ್ಜಿ ಕೋಲಿನಿಂದ ಅವನ ಹೆಗಲಿಗೆ ತಿವಿದಳು.

"ಸಂದ್ಯಾಗೆ ಯಾಕಪ್ಪ? ಪೇಟೆ ಬೀದ್ಯಾಗೆ ಹೋಗಾಣ. ನಿಧಾನಕ್ಕೆ ಬಿಡು, ಎಲ್ರೂ ನೋಡ್ಲಿ."